ಕೊನೆಯ ಅರ್ಧ ಲೀಟರು

ಕಾಂತರಾಜುವಿಗೆ ಒಂದು, ಎರಡು, ಮೂರು ಕಲಿಸಿದವಳು ನಾನು. ಸುಮಾರು ನಲವತ್ತು ವರ್ಷದ ಹಿಂದೆ ನಮ್ಮೂರ ಅಂಗನವಾಡಿಯಲ್ಲಿ ಹುಣಸೆ ಬೀಜ ಹರಡಿಕೊಂಡು ಕೂತು, ಮೂಗು ಸುರಿಸಿಕೊಂಡು ಬರುತ್ತಿದ್ದ ಆ ಹುಡುಗನಿಗೆ ಇಪ್ಪತ್ತರವರೆಗೆ ಎಣಿಸಲು ಹೇಳಿಕೊಟ್ಟೆ. ಆಮೇಲೆ ಅವನು ಎಣಿಸುವುದನ್ನು ನಿಲ್ಲಿಸಲೇ ಇಲ್ಲ. ನನಗೆ ಗೊತ್ತಿದ್ದರೆ ಹತ್ತಕ್ಕೇ ನಿಲ್ಲಿಸುತ್ತಿದ್ದೆ.

ಆದರೆ ನಾನು ಹೇಳಹೊರಟಿರುವುದು ಅವನ ಕಥೆಯಲ್ಲ, ಅವನ ಹೆಂಡತಿ ರೂಪಶ್ರೀಯ ಕಥೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಬೆರಳು ತೋರಿಸುವುದು ಬೇಡ.

ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದಿಂದ ನಾಲ್ಕು ಕಿಲೋಮೀಟರ್ ಒಳಕ್ಕೆ. ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು, ಸಂಜೆ ಐದೂವರೆಗೆ ಒಂದು. ಕಾಂತರಾಜುವಿನ ಮನೆಗೂ ನನ್ನ ಮನೆಗೂ ನಡುವೆ ಒಂದು ಮೋಟುಗೋಡೆ ಮಾತ್ರ. ಅವನಿಗೆ ಎರಡೂವರೆ ಎಕರೆ ಜಮೀನು, ಒಂದು ಹಸು, ತಾಯಿ ಅನಸೂಯಮ್ಮ, ಹೆಂಡತಿ, ಏಳನೇ ಕ್ಲಾಸಿನಲ್ಲಿ ಓದುವ ಮಗಳು ಅನುಶ್ರೀ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಕುಡಿತ ಇಲ್ಲ. ಜೇಬಿನಲ್ಲಿ ಒಂದು ಪುಟ್ಟ ಡೈರಿ, ಅದಕ್ಕೆ ದಾರ ಕಟ್ಟಿದ ಪೆನ್ನು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಆ ದಿನದ ಖರ್ಚು ಬರೆಯುತ್ತಾನೆ. ಕೊತ್ತಂಬರಿ ಸೊಪ್ಪು ಐದು ರೂಪಾಯಿ, ಬೆಂಕಿಪೊಟ್ಟಣ ಎರಡು ರೂಪಾಯಿ.

ಗ್ಯಾಸ್ ಸಿಲಿಂಡರ್ ಬಂದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯುತ್ತಾನೆ. ಎಪ್ಪತ್ತು ದಿನ ಬರಬೇಕು. ಅರವತ್ತೈದಕ್ಕೆ ಮುಗಿದರೆ ಬಯ್ಯುವುದಿಲ್ಲ, ಪಾಪ, ಅವನು ಬಯ್ಯುವ ಗಂಡಸೇ ಅಲ್ಲ. ‘ಐದ್ ದಿನ ಯಾಕ್ ಕಮ್ಮಿಯಾಯ್ತು?’ ಅಂತ ಕೇಳುತ್ತಾನೆ, ಉತ್ತರ ಬರುವವರೆಗೆ ಸುಮ್ಮನೆ ಕಾಯುತ್ತಾನೆ. ಅದು ಬೈಗುಳಕ್ಕಿಂತ ಕಷ್ಟ. ಸ್ನಾನದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಬೇಕು. ಒಂದು ಹೋಳು ತೆಂಗಿನಕಾಯಿ ಎರಡು ದಿನಕ್ಕೆ ಬರಬೇಕು. ತಿಂಗಳ ಆ ಮೂರು ದಿನದ ಪ್ಯಾಡಿಗೂ ರೂಪಶ್ರೀ ಬಾಯಿಬಿಟ್ಟು ದುಡ್ಡು ಕೇಳಬೇಕು, ಅವನು ಕೊಡುತ್ತಾನೆ, ಕೊಟ್ಟು ಡೈರಿಯಲ್ಲಿ ‘ರೂಪ, ಇತರೆ’ ಅಂತ ಬರೆಯುತ್ತಾನೆ.

ಊರೆಲ್ಲ ಅವನನ್ನು ಹೊಗಳುತ್ತಿತ್ತು. ಸಂಸಾರ ಅಂದರೆ ಕಾಂತರಾಜುವಿನದು ಅಂತ ನಾನೂ ಎಷ್ಟೋ ಮನೆಯಲ್ಲಿ ಹೇಳಿದ್ದೇನೆ. ಇನ್ನೊಂದು ಅರ್ಧ ಎಕರೆ ಕೊಳ್ಳಬೇಕು, ಹಂಚು ತೆಗೆದು ತಾರಸಿ ಹಾಕಿಸಬೇಕು, ಮಗಳನ್ನು ಹಾಸನದಲ್ಲಿ ಓದಿಸಬೇಕು, ಇವೇ ಅವನ ಆಸೆಗಳು. ಇದರಲ್ಲಿ ತಪ್ಪು ಹುಡುಕಿ ನೋಡೋಣ. ಹಾಲಿನ ಬಟವಾಡೆ ಅವನ ಖಾತೆಗೆ ಬೀಳುತ್ತದೆ. ಸರ್ಕಾರದಿಂದ ಮನೆಯ ಯಜಮಾನಿಗೆ ಬರುವ ಎರಡು ಸಾವಿರ ಅನಸೂಯಮ್ಮನ ಖಾತೆಗೆ, ಅಲ್ಲಿಂದ ನೇರ ಮಗನ ಕೈಗೆ. ಎಲ್ಲ ಮನೆಗೇ ಹೋಗುತ್ತಿತ್ತು, ಒಂದು ಪೈಸೆ ಪೋಲಾಗುತ್ತಿರಲಿಲ್ಲ. ರೂಪಶ್ರೀಯ ಕೈಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಹತ್ತು ರೂಪಾಯಿ ಹಿಡಿದು ಅವಳು ಅಂಗಡಿಗೆ ಹೋದರೆ ಅದು ಯಾವ ಹತ್ತು ಅಂತ ಅವನಿಗೆ ಗೊತ್ತಿರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಅವಳ ತವರು ಕೊರವಂಗಲದಿಂದ ಅನಸೂಯಮ್ಮನ ಮೊಬೈಲಿಗೆ ಫೋನು ಬಂತು, ಅಪ್ಪ ತೀರಿಕೊಂಡರು ಅಂತ. ಎಂಟರ ಬಸ್ಸು ಹೋಗಿಯಾಗಿತ್ತು. ಕಾಂತರಾಜು ಪಂಪಿನ ಮೋಟರು ರಿಪೇರಿಗೆ ಹೊಳೆನರಸೀಪುರಕ್ಕೆ ಹೋಗಿದ್ದ. ಆಟೋದವನು ಹದಿನೈದು ನೂರು ಕೇಳಿದ. ಅನಸೂಯಮ್ಮನ ಹತ್ತಿರ ಇನ್ನೂರಿತ್ತು. ‘ರಾಜು ಬಂದ್ಬುಡ್ತಾನೆ ತಡ್ಯವ್ವ’ ಅಂದರಂತೆ. ನಾನು ಆ ದಿನ ನನ್ನ ತಂಗಿಯ ಮನೆ ಗೃಹಪ್ರವೇಶಕ್ಕೆ ಅಂತ ಚನ್ನರಾಯಪಟ್ಟಣದಲ್ಲಿ ಹೋಳಿಗೆ ತಿನ್ನುತ್ತಿದ್ದೆ. ಕಾಂತರಾಜು ಮಲ್ಲಿಪಟ್ಟಣದಲ್ಲಿ ಇಳಿದು ನಡೆದು ಬಂದಾಗ ಮಧ್ಯಾಹ್ನ ಎರಡಾಗಿತ್ತು. ಇವರು ಕೊರವಂಗಲ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಅಪ್ಪನ ಮುಖ ನೋಡಲು ಸಿಗಲಿಲ್ಲ.

ತಿಥಿ ಮುಗಿಸಿ ಬಂದವಳು ನನ್ನ ಹಿತ್ತಲಿಗೆ ಕಲಗಚ್ಚಿಗೆ ಬಂದಳು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಎಲ್ಲ ಒಂದು ಮಡಕೆಯಲ್ಲಿ ಹಾಕಿಟ್ಟಿರುತ್ತಿದ್ದೆ, ಅವರ ಹಸು ಚುಕ್ಕಿಗೆ ಅಂತ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಕೆಟ್ಟು ಹಿಡಿದು ಬರುತ್ತಿದ್ದಳು. ಆ ದಿನ ಬಕೆಟ್ಟು ಕೆಳಗಿಟ್ಟು ಅಂದಳು:

‘ಟೀಚರ್, ನನ್ ಕೈಯಾಗೆ ಹದಿನೈದು ನೂರು ಇದ್ದಿದ್ರೆ ನಮ್ಮಪ್ಪನ್ ಮಕ ನೋಡ್ತಿದ್ದೆ.’

ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದೆ, ಈ ಕಥೆಯೇ ಇರುತ್ತಿರಲಿಲ್ಲ. ಅಳದೆ ನಿಂತಿದ್ದಕ್ಕೆ ನನ್ನ ಬಾಯಿ ಸುಮ್ಮನಿರಲಿಲ್ಲ.

‘ನಾನು ಪಾಕೆಟ್ ಹಾಲು ತರಿಸ್ತೀನಿ, ದಿನಕ್ಕೊಂದು ಲೀಟರ್ರು. ಆ ದುಡ್ಡು ಅಂಗಡಿಯವನಿಗೆ ಕೊಡೋ ಬದ್ಲು ನಿನಗೇ ಕೊಡ್ತೀನಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಲೀಟರ್ ಚುಕ್ಕಿ ಹಾಲು ನಂಗೆ ತಂದ್ಕೊಡು. ಲೀಟರಿಗೆ ನಲವತ್ತು. ಕಾಂತಂಗೆ ಹೇಳ್ಬೇಡ,’ ಅಂದೆ.

‘ಕದ್ದಂಗಾಗಲ್ವಾ ಟೀಚರ್?’

‘ಮೇವು ತರೋಳು ನೀನು, ಸಗಣಿ ಬಾಚೋಳು ನೀನು, ಕರೆಯೋಳು ನೀನು. ಅದ್ಯಾವ ಕಳ್ಳತನ!’ ಅಂತ ಗದರಿದೆ.

ಕಾಂತರಾಜು ಮನೆಬಾಗಿಲಲ್ಲಿ ಹಾಲು ಮಾರುತ್ತಿರಲಿಲ್ಲ. ಬಿಡಿಯಾಗಿ ಮಾರಿದರೆ ಲೆಕ್ಕ ತಪ್ಪುತ್ತದೆ, ಕರೆದಿದ್ದೆಲ್ಲ ಊರ ಹಾಲಿನ ಡೈರಿಗೇ ಹೋಗಬೇಕು, ಇದು ಅವನ ನಿಯಮ. ಹಾಲು ಕರೆಯುವುದು ರೂಪಶ್ರೀ, ಕ್ಯಾನು ಹೊತ್ತು ಡೈರಿಗೆ ಹೋಗುವುದು ಅವನು. ಮಂಡಿ ನೋವಿನಿಂದ ಅನಸೂಯಮ್ಮ ಕೊಟ್ಟಿಗೆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ಮರುದಿನದಿಂದಲೇ ಕಲಗಚ್ಚಿನ ಖಾಲಿ ಬಕೆಟ್ಟಿನೊಳಗೆ ಒಂದು ಚೊಂಬು ಬರತೊಡಗಿತು. ಚೊಂಬು ನನ್ನ ಅಡುಗೆಮನೆಗೆ, ಕಲಗಚ್ಚು ಬಕೆಟ್ಟಿಗೆ. ಒಂಟಿ ಹೆಂಗಸು ದಿನಕ್ಕೆ ಒಂದು ಲೀಟರ್ ಹಾಲು ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಬೇಕಿತ್ತು. ಕಾಫಿಗೆ ಅನ್ನುತ್ತಿದ್ದೆ.

ಮಲ್ಲಿಪಟ್ಟಣದ ಪೋಸ್ಟಾಫೀಸಿನಲ್ಲಿ ಅವಳ ಹೆಸರಿಗೆ ಪುಸ್ತಕ ಮಾಡಿಸಿದೆವು. ಅವಳಿಗೆ ಫೋನಿಲ್ಲ, ಅದಕ್ಕೇ ನನ್ನ ನಂಬರ್ ಕೊಟ್ಟೆವು. ಪುಸ್ತಕ ನನ್ನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗೆ. ತಿಂಗಳಿಗೆ ಸಾವಿರದ ಇನ್ನೂರು. ಹಸು ಬತ್ತಿದ ತಿಂಗಳು ಏನೂ ಇಲ್ಲ.

ಒಂದು ವಿಷಯ ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ. ಆ ಹಾಲು ಸಾಮಾನ್ಯ ಹಾಲಾಗಿರಲಿಲ್ಲ. ಕಾಯಿಸಿ ಇಟ್ಟರೆ ರೊಟ್ಟಿಯಷ್ಟು ದಪ್ಪ ಕೆನೆ ಕಟ್ಟುತ್ತಿತ್ತು. ಕೆನೆ ತೆಗೆದು ಬೆಣ್ಣೆ ಮಾಡಿ, ತುಪ್ಪ ಕಾಯಿಸಿ, ನಾಚಿಕೆಯಿಲ್ಲದೆ ಚಪ್ಪರಿಸಿದೆ. ಒಂದು ಗೌರಿ ಹಬ್ಬಕ್ಕೆ ಅನಸೂಯಮ್ಮನಿಗೂ ಒಂದು ಸಣ್ಣ ಬಾಟಲಿ ಕೊಟ್ಟೆ. ಬೆರಳಿಗೆ ಹಚ್ಚಿ ನೆಕ್ಕಿ, ‘ಎಲ್ಲಿ ತಂದ್ರಿ ಟೀಚರ್ ಇಂತಾ ತುಪ್ಪ? ನಮ್ಮನೆ ಆಲಲ್ಲಿ ಇಂಗ್ ಬರದೇ ಇಲ್ಲ ಕಣ್ರೀ’ ಅಂದರು. ರೂಪಶ್ರೀ ಪಕ್ಕದಲ್ಲೇ ಹೂ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ನನಗೆ ನಗು ತಡೆಯಲಾಗದೆ ಎದ್ದು ಬಂದೆ. ಆ ನಗು ಈಗ ನೆನೆದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಶುರುವಾಗಿ ಒಂದು ವರ್ಷ ಆಗಿತ್ತು, ಅನುಶ್ರೀಗೆ ಡೆಂಗ್ಯೂ ಬಂತು. ಹಾಸನದ ಆಸ್ಪತ್ರೆಯಲ್ಲಿ ಐದು ದಿನ. ಒಂದು ದಿನ ಇನ್ನೂ ಎಂಟು ಸಾವಿರ ಕಟ್ಟಿ ಅಂದರು. ಕಾಂತರಾಜು ಕಾರಿಡಾರಿನ ಬೆಂಚಿನ ಮೇಲೆ ಡೈರಿ ತೆಗೆದು ನೋಡುತ್ತಾ ಕೂತ, ಎಷ್ಟು ಸಲ ಕೂಡಿದರೂ ದುಡ್ಡು ಹುಟ್ಟಲಿಲ್ಲ. ರೂಪಶ್ರೀ ಎದುರಿಗೇ ನಿಂತಿದ್ದಳು. ಅವಳ ಪುಸ್ತಕದಲ್ಲಿ ಹನ್ನೊಂದು ಸಾವಿರ ಇತ್ತು. ಹೇಳಬೇಕು ಅಂತ ಬಾಯಿಗೆ ಬಂದಿತ್ತಂತೆ. ಎಲ್ಲಿಂದ ಬಂತು ಅಂತ ಕೇಳಿದರೆ ಏನು ಹೇಳುವುದು ಅಂತ ಹುಡುಕುವಷ್ಟರಲ್ಲಿ ಅವನು ಎದ್ದು ಹೋಗಿ ಬೆರಳಲ್ಲಿದ್ದ ಉಂಗುರ ಮಾರಿಕೊಂಡು ಬಂದ. ಮದುವೆಯಲ್ಲಿ ಅವಳ ಅಪ್ಪ ಹಾಕಿದ್ದ ಉಂಗುರ.

ಮಗು ಹುಷಾರಾಗಿ ಮನೆಗೆ ಬಂತು. ಅವತ್ತು ಸಂಜೆ ನನ್ನ ಹಿತ್ತಲಲ್ಲಿ ರೂಪಶ್ರೀ ಇದನ್ನು ಹೇಳಿ, ‘ಇನ್ನ್ ಯಾವತ್ತೂ ಯೋಳಕ್ಕಾಗಲ್ಲ ಟೀಚರ್. ಆವತ್ತೇ ಯೋಳ್ದೆ ಇದ್ದೋಳು ಇನ್ಯಾವತ್ ಯೋಳ್ಲಿ? ಮಗಳು ಸಾಯ್ತಾ ಮಲಗಿದ್ರೂ ದುಡ್ ಮುಚ್ಚಿಟ್ಕಂಡಿದ್ಳು ಅಂತಾರೆ’ ಅಂದಳು.

ಆದರೂ ಚೊಂಬು ನಿಲ್ಲಲಿಲ್ಲ. ಈಗ ಅದಕ್ಕೊಂದು ಗುರಿ ಬಂದಿತ್ತು. ತವರಿಗೆ ಹೋಗಿದ್ದಾಗ ತಮ್ಮನ ಹೆಂಡತಿಯ ಸ್ಕೂಟಿ ಮೇಲೆ ಕೂತು ಓಡಿಸಲು ಕಲಿತುಬಂದಿದ್ದಳು. ಬಿದ್ದು ಮೊಣಕೈ ತರಚಿತ್ತು. ಆ ಗಾಯವನ್ನು ನನಗೆ ತೋರಿಸುವಾಗಿನ ಅವಳ ಮುಖ ನೋಡಬೇಕಿತ್ತು, ಚಿನ್ನದ ಬಳೆ ತೋರಿಸಿದ ಹಾಗೆ ತೋರಿಸಿದಳು. ಒಂದು ಹಳೆಯ ಸ್ಕೂಟಿ. ತಮ್ಮ ಕೊಡಿಸಿದ ಅಂತ ಹೇಳುವುದು. ತಮ್ಮನೂ ಒಪ್ಪಿದ್ದ. ಅಮ್ಮನನ್ನು ನೋಡಬೇಕು ಅನ್ನಿಸಿದರೆ ಎದ್ದು ಹೋಗುವುದು, ಸಂಜೆ ಹಾಲು ಕರೆಯುವ ಹೊತ್ತಿಗೆ ಬಂದುಬಿಡುವುದು. ಬಸ್ಸಿಗೆ ಕಾಯಬಾರದು, ಆಟೋಗೆ ಕಾಯಬಾರದು, ಗಂಡ ಹೊಳೆನರಸೀಪುರದಿಂದ ಬರಲಿ ಅಂತ ಕಾಯಬಾರದು. ಅರಕಲಗೂಡಿನಲ್ಲಿ ಒಬ್ಬರು ಮೂವತ್ತನಾಲ್ಕು ಸಾವಿರಕ್ಕೆ ಕೊಡುತ್ತೇವೆ ಅಂದಿದ್ದರು. ಈ ವರ್ಷ ಶಿವರಾತ್ರಿ ಕಳೆದ ಮೇಲೆ ನೋಡಿದರೆ ಪುಸ್ತಕದಲ್ಲಿ ಮೂವತ್ತಾರು ಸಾವಿರ. ಯುಗಾದಿ ಮುಗಿಯಲಿ, ತಂದುಬಿಡೋಣ ಅಂದುಕೊಂಡೆವು.

ಅಷ್ಟರಲ್ಲಿ ನಮ್ಮೂರ ಡೈರಿಗೆ ಹೊಸ ಮಷೀನು ಬಂತು.

ಮೊದಲೆಲ್ಲ ಕೊಳವೆ ಮುಳುಗಿಸಿ ಮೇಲುಮೇಲೆ ನೋಡಿ ಹಾಲು ಸುರಿದುಕೊಳ್ಳುತ್ತಿದ್ದರು. ಈಗ ಒಬ್ಬೊಬ್ಬರ ಹಾಲಿಗೂ ಬೇರೆ ಬೇರೆ ಪರೀಕ್ಷೆ. ಒಂದು ಲೋಟ ಹಾಲು ಮಷೀನಿಗೆ ಇಟ್ಟರೆ ಫ್ಯಾಟು ಎಷ್ಟು ಅಂತ ಚೀಟಿ ಅಚ್ಚಾಗಿ ಬರುತ್ತದೆ. ಮೂರೂವರೆ ಇದ್ದರೆ ಪೂರ್ತಿ ರೇಟು. ಕಮ್ಮಿಯಾದಷ್ಟೂ ರೇಟು ಇಳಿಯುತ್ತದೆ. ತೀರ ಕಮ್ಮಿಯಾದರೆ ಹಾಲು ವಾಪಸ್ಸು.

ಚುಕ್ಕಿ ಕರು ಹಾಕಿ ಎಂಟು ತಿಂಗಳಾಗಿತ್ತು, ಹಾಲು ಇಳಿದಿತ್ತು, ಗಬ್ಬವೂ ನಿಂತಿರಲಿಲ್ಲ. ಮೊದಲ ದಿನ ಕಾಂತರಾಜುವಿನ ಚೀಟಿಯಲ್ಲಿ ಮೂರು ಬಂತು. ಮಾರನೇ ದಿನ ಎರಡು ಪಾಯಿಂಟ್ ಎಂಟು. ಅವನು ಚೀಟಿಗಳನ್ನೆಲ್ಲ ಜೇಬಿನ ಡೈರಿಯೊಳಗೆ ಜೋಡಿಸಿಟ್ಟ. ಹಿಂಡಿ ಬದಲಾಯಿಸಿದ. ಎಂಟನೇ ದಿನ ಎರಡು ಪಾಯಿಂಟ್ ಐದು. ಸಾಲಿನಲ್ಲಿ ಮೂವತ್ತು ಜನ ನಿಂತಿದ್ದರು. ಕಾರ್ಯದರ್ಶಿ ಪರಮೇಶ್ ಸಂಕೋಚಪಟ್ಟುಕೊಂಡೇ ಕ್ಯಾನು ಹಿಂದಕ್ಕೆ ತಳ್ಳಿ, ‘ತಗಳಾಕಾಗಲ್ಲ ಕಾಂತಣ್ಣ’ ಅಂದ. ಹಿಂದಿನಿಂದ ಯಾರೋ ‘ನೀರ್ ಬೆರ್ಸಿ ಉಳಿತಾಯ ಮಾಡವ್ನೆ ಕಣ್ಲಾ’ ಅಂದು ನಕ್ಕರು. ಜನ್ಮದಲ್ಲಿ ಒಂದು ತೊಟ್ಟು ನೀರು ಬೆರೆಸದ ಮನುಷ್ಯ ತುಂಬಿದ ಕ್ಯಾನು ಹೊತ್ತುಕೊಂಡು ಬೀದಿಯಲ್ಲಿ ವಾಪಸ್ಸು ಬಂದ. ನಾನು ಬಾಗಿಲಲ್ಲೇ ನಿಂತಿದ್ದೆ. ಅವನ ಮುಖ ನೋಡಲಾಗಲಿಲ್ಲ.

ಅವತ್ತೇ ಮಧ್ಯಾಹ್ನ ಕಾಂತರಾಜು ಚುಕ್ಕಿಯನ್ನು ಮಾರಲು ದನದ ದಲ್ಲಾಳಿ ಚೆನ್ನಯ್ಯನನ್ನು ಕರೆಸಿದ. ಮೂವತ್ತನಾಲ್ಕು ಸಾವಿರಕ್ಕೆ ಮಾತಾಯಿತು, ಮುಂಗಡವಾಗಿ ಸಾವಿರ ರೂಪಾಯಿ ಬಯಾನ ಈಸಿಕೊಂಡ. ಮೂರನೇ ದಿನ ಬಂದು ಹೊಡೆದುಕೊಂಡು ಹೋಗುವುದು ಅಂತ ತೀರ್ಮಾನ. ಹಾಲಿಲ್ಲದ, ಗಬ್ಬ ನಿಲ್ಲದ ಹಸು ದಲ್ಲಾಳಿಯ ಕೈಗೆ ಹೋದರೆ ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಗೊತ್ತಿರುತ್ತದೆ, ಅದಕ್ಕೇ ಕೇಳುವುದಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ನಾನು ತಿಂದ ಕೆನೆ ನನಗೆ ಗೊತ್ತಿರಲಿಲ್ಲವೇ? ಅದೇ ಹಸು, ಅದೇ ದಿನ, ನನ್ನ ಚೊಂಬಿನಲ್ಲಿ ಗಟ್ಟಿ ಹಾಲು, ಅವನ ಕ್ಯಾನಿನಲ್ಲಿ ನೀರು ಹಾಲು! ಸೀದಾ ಡೈರಿಗೆ ಹೋಗಿ ಪರಮೇಶನನ್ನು ಹಿಡಿದುಕೊಂಡೆ.

‘ಏನೋ ನಿನ್ ಮಷೀನು? ಕಾಂತನ ಮನೆ ಹಾಲಿಗೆ ಏನಾಗಿದೆಯೋ?’

‘ಮಷೀನ್ ಸರಿಯಾಗೈತೆ ಟೀಚರ್. ಕರೆಯೋರು ಕೊನೇ ಆಲ್ನ ಪೂರ್ತಿ ಕರೀತಿಲ್ವೇನೋ. ಮೊದ್ಲು ಬರೋ ಆಲು ತೆಳ್ಳಗಿರ್ತದೆ, ಫ್ಯಾಟೆಲ್ಲ ಕೊನೇಲಿ ಬರದು. ಕೊನೇ ಅರ್ಧ ಲೀಟ್ರು ಬುಟ್ಬುಟ್ರೆ ಮುಗೀತು.’

ಕೊನೇ ಅರ್ಧ ಲೀಟರು. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಸಂಜೆ ರೂಪಶ್ರೀ ಬಕೆಟ್ಟು ಹಿಡಿದು ಬಂದಾಗ ಕೇಳಿದೆ, ‘ನನ್ನ ಚೊಂಬಿಗೆ ಯಾವಾಗ ಕರೀತಿದ್ದೆ? ಮೊದಲಾ, ಕೊನೆಗಾ?’

‘ಕೊನೀಗೆ. ಡೈರಿ ಆಲು ಕರ್ದು ಎತ್ತಿಟ್ಟು, ಆಮ್ಯಾಕೆ ನಿಮ್ದು. ದುಡ್ ಕೊಡೋರಿಗೆ ತೆಳ್ಳನ್ ಆಲ್ ಕೊಡಕಾದದಾ ಟೀಚರ್?’

ಕಳ್ಳತನದಲ್ಲೂ ನೀತಿ ನೋಡಿದ ಹುಡುಗಿಯನ್ನು ಏನಂತ ಬಯ್ಯಲಿ? ಪರಮೇಶ ಹೇಳಿದ್ದನ್ನು ಹೇಳಿದೆ. ಅವಳು ಗೋಡೆಗೆ ಕೈ ಊರಿ ನಿಂತಳು. ಗೋಡೆಯಾಚೆ ಚುಕ್ಕಿ ಮೆಲುಕು ಹಾಕುತ್ತಿತ್ತು.

‘ಅದೇನ್ ತಪ್ ಮಾಡೈತೆ ಟೀಚರ್?’ ಅಂದಳು. ‘ಆಲ್ ತಗಂಡೋಳು ನಾನು. ಮನೆ ಬುಟ್ ಓಗೋದು ಅದು.’

ಮಾರನೇ ಬೆಳಿಗ್ಗೆ ಚೊಂಬು ತರಲಿಲ್ಲ. ಕರೆದಿದ್ದೆಲ್ಲ ಕ್ಯಾನಿಗೆ ಹಾಕಿದ್ದಳು. ಚೀಟಿಯಲ್ಲಿ ಮೂರು ಪಾಯಿಂಟ್ ಒಂಬತ್ತು ಬಂತು. ಇನ್ನೇನು, ಕಾಂತರಾಜು ಹಸು ಮಾರುವುದನ್ನು ಬಿಟ್ಟುಬಿಡುತ್ತಾನೆ ಅಂತ ನಾನು ಗೋಡೆಯ ಈಚೆ ನಿಂತು ದೇವರಿಗೆ ಕೈ ಮುಗಿದೆ. ನನ್ನ ಶಿಷ್ಯನನ್ನು ನಾನೇ ಸರಿಯಾಗಿ ತಿಳಿದಿರಲಿಲ್ಲ. ಅವನು ಚೀಟಿ ಹಿಡಿದು ಚೆನ್ನಯ್ಯನಿಗೆ ಫೋನು ಮಾಡಿದ: ‘ನೋಡಪ್ಪ, ಇವತ್ತು ಮೂರು ಒಂಬತ್ತು ಬಂದದೆ, ಚೀಟಿ ಐತೆ. ಮೂವತ್ತಾರಾದ್ರೆ ಬಾ.’ ಚೆನ್ನಯ್ಯ ಒಪ್ಪಿಯೂ ಬಿಟ್ಟ.

‘ಈಗ ಸರಿಯಾಯ್ತಲ್ಲ, ಮಾರದ್ ಯಾಕೆ?’ ಅಂತ ರೂಪಶ್ರೀ ಧೈರ್ಯ ಮಾಡಿ ಕೇಳಿದಳಂತೆ.

‘ಒಂದಿನ ಏರ್ತದೆ, ಒಂದಿನ ಇಳೀತದೆ, ಅದನ್ನ ನಂಬ್ಕಂಡು ಇನ್ನೊಂದ್ ಸಲ ಬೀದೀಲಿ ಮಾನ ಕಳ್ಕಳ್ಳಾ? ಬಯಾನ ಈಸ್ಕಂಡಿವ್ನಿ. ಮಾತು ಅಂದ್ರೆ ಮಾತು’ ಅಂದನಂತೆ.

ನಾನು ಅವಳನ್ನು ಹಿತ್ತಲಿಗೆ ಕರೆದು ಹೇಳಿದೆ, ‘ನಡಿ, ಹೇಳಿಬಿಡೋಣ. ನಾನೂ ಬರ್ತೀನಿ. ಉಗಿದರೆ ನನ್ನ ಮುಖಕ್ಕೇ ಉಗೀಲಿ.’

‘ಬ್ಯಾಡ.’

‘ಯಾಕೆ ಬ್ಯಾಡ?’

ಅವಳು ಬಲಗೈ ಉಂಗುರದ ಬೆರಳು ಎತ್ತಿ ತೋರಿಸಿದಳು, ಅಷ್ಟೇ. ಮಾರಿದ ಉಂಗುರದ ನೆನಪು ನನಗೂ ಇತ್ತು.

‘ಹಂಗಾದ್ರೆ ಹೋಗ್ಲಿ ಬಿಡು ಹಸ!’ ಅಂತ ರೇಗಿದೆ. ‘ನಿನ್ನ ದುಡ್ಡು ನಿನ್ನ ಪುಸ್ತಕದಲ್ಲಿದೆ. ಯುಗಾದಿಗೆ ಸ್ಕೂಟಿ ತಗೋ, ಅಮ್ಮನ್ನ ನೋಡು. ಒಂದು ಹಸಕ್ಕೋಸ್ಕರ ಹುಚ್ಚಿಯಂಗೆ ಆಡಬೇಡ.’

ಅವಳು ಗೋಡೆಯಾಚೆ ಚುಕ್ಕಿಯ ಕಡೆ ನೋಡಿದಳು. ಆಮೇಲೆ, ‘ಟೀಚರ್, ನಿಮ್ ಹಿತ್ತಲ ಕೊಟ್ಟಿಗೆ ಖಾಲಿ ಐತಲ್ಲ. ನೀವೇ ತಗಳಿ. ಮೂವತ್ತಾರೇ ಅಲ್ವಾ’ ಅಂದಳು.

ಬೆಲೆ ಮೂವತ್ತಾರು, ಪುಸ್ತಕದಲ್ಲಿ ಮೂವತ್ತಾರು. ಅವಳು ಕದಿಯುವುದನ್ನು ನಿಲ್ಲಿಸಿದ್ದಕ್ಕೇ ಏರಿದ ಬೆಲೆ ಅದು. ನಾನು ಕಿರುಚಾಡಿದೆ, ಕೆಟ್ಟದಾಗಿ ಬೈದೆ. ಅವಳು ಬೈಗುಳ ಮುಗಿಯುವವರೆಗೆ ಕಾದಳು, ಗಂಡನಿಂದ ಕಲಿತಿದ್ದಳೇನೋ. ಮುಗಿದ ಮೇಲೆ, ‘ನಾಳೆ ಪೋಸ್ಟಾಫೀಸ್‌ಗೆ ಓಗಾಣ. ನಿಮಗೆ ಕಣ್ ತೋರ್ಸಕ್ಕೆ ಜೊತೇಲ್ ಬತ್ತೀನಿ ಅಂತ ಮನೇಲಿ ಯೋಳ್ತೀನಿ’ ಅಂದಳು.

ಮರುದಿನ ಪೋಸ್ಟಾಫೀಸಿನಲ್ಲಿ ಅವಳು ಫಾರಮಿಗೆ ಸಹಿ ಹಾಕಿ, ಮೂವತ್ತಾರು ಸಾವಿರ ತೆಗೆದು ನನ್ನ ಕೈಗೆ ಕೊಟ್ಟಳು. ದಾರಿಯಲ್ಲಿ ಚೆನ್ನಯ್ಯನ ಮನೆಗೆ ಹೋಗಿ, ಅವನ ಬಯಾನದ ಸಾವಿರ, ಮೇಲೆ ಐನೂರು, ನನ್ನ ಗಂಟಿನಿಂದ ಕೊಟ್ಟು ಬಾಯಿ ಮುಚ್ಚಿಸಿದೆ. ಕಾಂತರಾಜುವಿನ ಜಗಲಿಗೆ ಬಂದು ಕೂತೆ.

‘ಲೋ ಕಾಂತ, ಚೆನ್ನಯ್ಯಂಗೆ ನಾನು ಹೇಳಿದ್ದೀನಿ, ಅವನ ಬಯಾನ ಅವನಿಗೆ ಮುಟ್ಟಿಸಿದ್ದೀನಿ. ಹಸ ನಾನು ತಗೋತೀನಿ. ಒಬ್ಬಳೇ ಇದ್ದು ಬೇಜಾರಾಗಿದೆ.’

‘ನೀವಾ? ಈ ವಯಸ್ನಲ್ಲಿ? ಬ್ಯಾಡ ಟೀಚರ್, ಅದು ಆಲು ಕೊಡೋ ಅಸ ಅಲ್ಲ. ನಿಮಗ್ ಮೋಸ ಮಾಡಕ್ಕೆ ನನ್ಗ್ ಮನ್ಸಿಲ್ಲ.’

ಅಯ್ಯೋ, ಎಂಥ ಒಳ್ಳೆಯ ಮನುಷ್ಯ! ಕೆಟ್ಟವನಾಗಿದ್ದಿದ್ದರೆ ನಮಗೆ ಎಷ್ಟು ಸುಲಭವಾಗುತ್ತಿತ್ತು. ಎರಡು ಸಲ ಬೇಡ ಅಂದ, ಮೂರನೇ ಸಲಕ್ಕೆ ಒಪ್ಪಿದ. ನೋಟುಗಳನ್ನು ತೆಗೆದುಕೊಂಡು ಹೆಬ್ಬೆರಳು ನೆನೆಸಿ ಎಣಿಸಿದ, ಮತ್ತೊಂದು ಸಲ ಎಣಿಸಿದ. ಬಯಾನದ ಸಾವಿರ ಮೊದಲೇ ಸಿಕ್ಕಿದೆ ಅಂತ ಎರಡು ಐನೂರರ ನೋಟು ತೆಗೆದು ನನಗೆ ವಾಪಸ್ಸು ಕೊಟ್ಟ. ರೂಪಶ್ರೀ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. ಮೂರು ವರ್ಷಕ್ಕೂ ಮೇಲ್ಪಟ್ಟ ಬೆಳಿಗ್ಗೆಗಳು, ಸಂಜೆಗಳು ಅವನ ಬೆರಳ ನಡುವೆ ಸರಿಯುತ್ತಿದ್ದವು. ಎಣಿಸಿ ಮುಗಿಸಿ, ಖುಷಿಯಲ್ಲಿ ಒಂದು ನೂರರ ನೋಟು ತೆಗೆದು ಅವಳ ಕಡೆ ಚಾಚಿದ.

‘ತಗೋ, ಯುಗಾದಿಗೆ ಬಳೆ ಇಟ್ಕೊ. ಎಪ್ಪತ್ತಾಯ್ತದೆ. ಮಿಕ್ಕಿದ್ ಡಬ್ಬಿಗ್ ಹಾಕು.’

ಅವಳು ತೆಗೆದುಕೊಂಡಳು.

ಹಸು ಮಾರಿದರೂ ಹಗ್ಗ ಮಾರಬಾರದು, ಮನೆಯ ಲಕ್ಷ್ಮಿ ಹೋಗುತ್ತಾಳೆ ಅಂತ ನಮ್ಮ ಕಡೆ ನಂಬಿಕೆ. ಕೊಂಡವರು ತಮ್ಮ ಹಗ್ಗ ತಂದು ಹಾಕಿಕೊಂಡು ಹೋಗಬೇಕು. ನಾನು ತಂದ ಹೊಸ ಹಗ್ಗ ಕಟ್ಟಿ, ಹಳೆಯದನ್ನು ರೂಪಶ್ರೀಯೇ ಬಿಚ್ಚಿದಳು. ಚುಕ್ಕಿ ನನ್ನ ಹಿಂದೆ ನಾಲ್ಕು ಹೆಜ್ಜೆ ಬಂದು ತಿರುಗಿ ನಿಂತಿತು. ಅವಳು ಕೊಟ್ಟಿಗೆಯ ಬಾಗಿಲಲ್ಲಿ ಖಾಲಿ ಹಗ್ಗ ಹಿಡಿದುಕೊಂಡೇ ಇದ್ದಳು, ನಾನು ಹಸುವಿನ ಬೆನ್ನಿಗೆ ತಟ್ಟಿ ಎಳೆದುಕೊಂಡು ಬಂದೆ.

ಮೂರು ದಿನ ಅದು ನನ್ನನ್ನು ಹತ್ತಿರ ಸೇರಿಸಲಿಲ್ಲ, ಒದೆಯಿತು. ರೂಪಶ್ರೀ ಬಂದು ಪಕ್ಕದಲ್ಲಿ ನಿಂತು ಅದರ ಕತ್ತು ತುರಿಸುತ್ತಿದ್ದಳು, ನಾನು ಕರೆಯುತ್ತಿದ್ದೆ. ಅರವತ್ತಾರನೇ ವಯಸ್ಸಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಏಳಲು ಕಂಬ ಬೇಕು. ಆದರೂ ಕೊನೇ ತೊಟ್ಟಿನವರೆಗೆ ಕರೆದೆ. ಹಸು ಅವಳದು, ಹಿಂಡಿ ಮೇವಿನ ಖರ್ಚು ಕಳೆದು ಉಳಿದದ್ದನ್ನು ಪುಸ್ತಕಕ್ಕೆ ಹಾಕುತ್ತೇನೆ ಅಂದೆ. ‘ಬ್ಯಾಡ ಟೀಚರ್. ಅದ್ರ ಆಲಿನ್ ದುಡ್ಡು ಮತ್ತೆ ನನಗ್ ಬ್ಯಾಡ’ ಅಂದಳು. ನಾನು ಅವಳಿಗೆ ಹೇಳದೆ ಹಾಕುತ್ತಿದ್ದೇನೆ. ಖರ್ಚು ಕಳೆದರೆ ಉಳಿಯುವುದು ತೀರ ಅಷ್ಟಕ್ಕಷ್ಟೇ.

ಯುಗಾದಿ ಕಳೆದು ಒಂದು ವಾರಕ್ಕೆ, ಬೆಳಿಗ್ಗೆ ಡೈರಿಯಿಂದ ವಾಪಸ್ಸು ಬರುತ್ತಿದ್ದೆ. ಕಾಂತರಾಜು ಜಗಲಿಯಲ್ಲಿ ಕೂತಿದ್ದ. ‘ಎಷ್ಟು ಬತ್ತೈತೆ ಟೀಚರ್ ಈಗ?’ ಅಂತ ಕೈ ಚಾಚಿದ. ಕೊಡದೆ ಇರಲಾಗಲಿಲ್ಲ, ಚೀಟಿ ಕೊಟ್ಟೆ. ಫ್ಯಾಟು ನಾಲ್ಕು ಪಾಯಿಂಟ್ ಒಂದು. ಹಾಲು ಮೂರು ಲೀಟರು.

ಅವನು ಜೇಬಿನಿಂದ ಡೈರಿ ತೆಗೆದು ಹಳೆಯ ಚೀಟಿಗಳನ್ನು ಒಂದೊಂದಾಗಿ ನೋಡಿದ. ಅದೇ ಹೊತ್ತಿಗೆ ರೂಪಶ್ರೀ ಒಳಗಿನಿಂದ ಬಂದಳು, ಕೈಯಲ್ಲಿ ಕಲಗಚ್ಚಿನ ಬಕೆಟ್ಟು. ಈಗ ಕಲಗಚ್ಚು ಅವರ ಮನೆಯಿಂದ ನನ್ನ ಕೊಟ್ಟಿಗೆಗೆ ಬರುತ್ತಿತ್ತು.

‘ನಮ್ಮನೇಲಿ ಒತ್ತಿಗೆ ಎರಡೂವರೆ. ನಿಮ್ಮನೇಲಿ ಮೂರು. ಅರ್ಧ ಲೀಟ್ರು ಜಾಸ್ತಿ,’ ಅಂದ. ‘ಫ್ಯಾಟೂ ಜಾಸ್ತಿ. ಅದೇ ಅಸ, ಅದೇ ಕಲಗಚ್ಚು. ಅಂಗಾರೆ ನಮ್ಮನೇಲಿ ಆ ಅರ್ಧ ಲೀಟ್ರು ಎಲ್ಲೋಯ್ತಿತ್ತು?’

ಅವನು ಹೆಂಡತಿಯನ್ನು ನೋಡಿದ. ಅವಳ ಕೈಯಲ್ಲಿದ್ದ ಬಕೆಟ್ಟನ್ನು ನೋಡಿದ. ಸಿಲಿಂಡರಿನ ಐದು ದಿನ ಕೇಳಿದಾಗ ಕಾಯುವಂತೆ ಕಾದ. ನಾನೇ ಎಣಿಸಲು ಕಲಿಸಿದ ಹುಡುಗ, ಇನ್ನೊಂದೇ ಒಂದು ಕೂಡಿಸಿದರೆ ಉತ್ತರ ಬರುತ್ತಿತ್ತು. ಒಂದು ಕ್ಷಣ, ಬರಲಿ ಅಂತಲೇ ಅನ್ನಿಸಿತು ನನಗೆ. ಬಂದುಬಿಡಲಿ, ಕೂಗಾಡಲಿ, ಮುಗಿದುಹೋಗಲಿ.

‘ಕೈಗುಣ ಟೀಚರ್,’ ಅಂದ ಕಾಂತರಾಜು, ಡೈರಿ ಮುಚ್ಚಿ. ‘ಇವಳ್ ಕೈಗೆ ಅಸ ಆಗ್ಬರಲ್ಲ. ಇನ್ಮ್ಯಾಕೆ ನಮ್ಮನೇಲಿ ಅಸ ಕಟ್ಟದೇ ಬ್ಯಾಡ.’

ನಾನು ಬಾಯಿ ತೆರೆದೆ. ರೂಪಶ್ರೀ ನನಗಿಂತ ಮೊದಲು ಮಾತಾಡಿದಳು.

‘ಊಂ,’ ಅಂದಳು. ‘ಅಂಗೇ ಇರ್ಬೋದು. ನನ್ ಕೈಗುಣನೇ ಸರೀಗಿಲ್ಲ.’

ಬಕೆಟ್ಟು ಎತ್ತಿಕೊಂಡು ನನ್ನ ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ಕಲಗಚ್ಚು ಬಾನಿಗೆ ಸುರಿದು, ಚುಕ್ಕಿ ಕುಡಿಯುವುದನ್ನು ನೋಡುತ್ತಾ ನಿಂತಿದ್ದಳು. ಬಯ್ಯಬೇಕು ಅಂತ ಬಂದವಳು ಅವಳ ಪಕ್ಕಕ್ಕೆ ಹೋಗಿ ನಿಂತೆ.

‘ನಿಮ್ಮಮ್ಮನಿಗೆ ಹುಷಾರಿಲ್ಲ ಅಂತ ಫೋನು ಬಂದಿತ್ತಲ್ಲ,’ ಅಂದೆ ಕೊನೆಗೆ. ‘ಹೆಂಗೆ ಹೋಗ್ತೀಯೆ ಈಗ?’

‘ಬಸ್ಸೈತಲ್ಲ ಟೀಚರ್. ಈಗ ನಮಗೆಲ್ಲ ಫ್ರೀ. ದುಡ್ಡೇನೂ ಬ್ಯಾಡ, ಅವರನ್ನ ಕೇಳದೊಂದೇ.’

‘ಕೇಳಿದ್ಯಾ?’

‘ಕೇಳ್ದೆ. ಈ ವಾರ ಬ್ಯಾಡ, ಜ್ವಾಳ ಬಿಡ್ಸದೈತೆ, ಮುಂದಿನ್ ವಾರ ನೋಡಾಣ ಅಂದ್ರು.’

ಎಂಟರ ಬಸ್ಸು ನಮ್ಮ ಬೀದಿಯಲ್ಲೇ ಹೋಗುತ್ತದೆ. ಹಾರನ್ನು ಕೇಳಿ ಚುಕ್ಕಿ ತಲೆ ಎತ್ತಿತು. ರೂಪಶ್ರೀ ಎತ್ತಲಿಲ್ಲ, ಬಕೆಟ್ಟಿನ ತಳದಲ್ಲಿ ಅಂಟಿದ್ದ ಅನ್ನದ ಅಗುಳನ್ನು ಬೆರಳಲ್ಲಿ ಬಳಿದು ಹಸುವಿನ ಬಾಯಿಗೆ ಹಿಡಿದಳು.